ವಿಡಿಯೋದಣ್ಣ ಹೇಳಿದ ಎರಡನೇ ಭಾಗ

ನರ್ಸಮ್ಮ ಹತ್ತಿಯ ಉಂಡೆಯನ್ನು ಸ್ಪಿರಿಟಿನಲ್ಲಿ ಅದ್ದಿ ನನ್ನ ಮೊಮ್ಮಗಳ ತೊಡೆಯನ್ನು ಒರೆಸಿದರು. ಅಷ್ಟೇ. ಮೂಗಿಗೆ ಚುಚ್ಚುವ ಆ ತಣ್ಣಗಿನ ವಾಸನೆ ಬಂದದ್ದೇ ತಡ, ನಾನು ಕಡಬದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೇನೆ ಎನ್ನುವುದೇ ಮರೆತುಹೋಯಿತು. ಸೂಜಿ ಚುಚ್ಚಿದ್ದು ಮಗುವಿಗೆ, ಅತ್ತದ್ದು ನಾನು. ಅಲ್ಲಿದ್ದ ತಾಯಂದಿರೆಲ್ಲ ನಕ್ಕರು. ನಗಲಿ. ಮಗಳಿಗೆ ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಹುಟ್ಟಿದ ಕೂಸು ಇದು. ಒಂದೂವರೆ ತಿಂಗಳು ತುಂಬಿದೆಯಷ್ಟೆ. ಇದರ ಕಿರುಬೆರಳಿನ ಉಗುರು ಎಷ್ಟು ಸಣ್ಣದೆಂದು ನಾನು ಬಸ್ಸಿನ ಕಂಡಕ್ಟರಿಗೂ ತೋರಿಸಿದ್ದೇನೆ, ಮೀನಿನವನಿಗೂ ತೋರಿಸಿದ್ದೇನೆ. ಯಾರು ಸಿಕ್ಕಿದರೂ ತೋರಿಸುತ್ತೇನೆ. ನನ್ನ ಸಂತೋಷಕ್ಕೆ ಮಿತಿ ಎನ್ನುವುದೇ ಇಲ್ಲ ಈಗ.

ಆದರೆ ಆ ಸ್ಪಿರಿಟಿನ ವಾಸನೆ ನನಗೆ ಆಸ್ಪತ್ರೆಯದ್ದಲ್ಲ. ಅದು ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದ ಒಂದು ಚಾವಡಿಯದು. ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಮಗುವಿನ ಕಿವಿ ಒರೆಸುವ ಹಾಗೆ ಮೆಲ್ಲನೆ, ವಿಡಿಯೋ ಮಿಷನ್ನಿನ ಒಳಗೆ ಒರೆಸುತ್ತಿದ್ದ ಒಬ್ಬರ ಕೈಯದು…

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಏನಾದರೂ ಬರೆಯುವುದಿದ್ದರೆ ಒತ್ತಕ್ಷರ ಎಲ್ಲಿ ಬರುತ್ತದೆ ಎಂದು ಮಗಳನ್ನು ಕೇಳುತ್ತೇನೆ. ಇದನ್ನು ಮಾತ್ರ ಕೇಳದೆ ಬರೆದಿದ್ದೇನೆ. ಅವಳಿಗೇ ಗೊತ್ತಿಲ್ಲದ ಅವಳ ವಿಷಯ ಇದರಲ್ಲಿದೆ.

ಅವರನ್ನು ನಾವೆಲ್ಲ ವಿಡಿಯೋದಣ್ಣ ಎಂದು ಕರೆಯುತ್ತಿದ್ದೆವು. ಕಡಬ ಪೇಟೆಯಿಂದ ಕೊಯಿಲದ ಕಡೆಗೆ ಹೋಗುವಾಗ ಒಂದು ಗುಡ್ಡದ ಇಳಿಜಾರಿನಲ್ಲಿ ಆಗ ಏಳೆಂಟು ಮನೆಗಳಿದ್ದವು. ಮೇಲಿನದು ಅವರದು, ಅದರ ಕೆಳಗಿನದು ನಮ್ಮದು. ಎಂಬತ್ತರ ದಶಕದ ಮಾತು. ಅವರು ಚಿಕ್ಕಂದಿನಲ್ಲಿ ಬೊಂಬಾಯಿಗೆ ಓಡಿಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಹಡಗಿನ ಅಡುಗೆಮನೆಯಲ್ಲಿ ದುಡಿದು, ಒಂದು ಕಾಲು ಕುಂಟಾಗಿ ಊರಿಗೆ ಬಂದವರು. ಬರುವಾಗ ಇಂಗ್ಲಿಷನ್ನು ಕಿವಿಯಲ್ಲೇ ತುಂಬಿಕೊಂಡು ಬಂದಿದ್ದರು. ಅವರ ಹೆಂಡತಿಯ ತಮ್ಮ ಗಲ್ಫಿನಲ್ಲಿದ್ದ. ಅವನು ಒಂದು ಟಿ.ವಿ.ಯನ್ನೂ ಒಂದು ವಿಡಿಯೋ ಮಿಷನ್ನನ್ನೂ ತಂದುಕೊಟ್ಟ. ಆಮೇಲೆ ಊರಿಗೆ ಬರುವ ಯಾರ ಕೈಯಲ್ಲಾದರೂ ಕ್ಯಾಸೆಟ್ ಕಳಿಸುತ್ತಿದ್ದ.

ಆ ಗುಡ್ಡದ ಹೆಂಗಸರೆಲ್ಲ ಬೀಡಿ ಕಟ್ಟುವವರು. ನಾನೂ, ನನ್ನ ಅತ್ತೆಯೂ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲೆ, ಹೊಗೆಸೊಪ್ಪು ತುಂಬಿದ ಗೆರಸೆ ಹಿಡಿದುಕೊಂಡು ಅವರ ಚಾವಡಿಗೆ ಹೋಗುವುದು. ಒಳಗೆ ಬರಲಿಕ್ಕೆ ಒಂದು ಕಟ್ಟು ಬೀಡಿ ಕೊಟ್ಟರೆ ಸಾಕಿತ್ತು. ಅದೂ ಅವರಿಗಲ್ಲ, ಮೂಲೆಯಲ್ಲಿ ಕೆಮ್ಮುತ್ತಾ ಕೂರುವ ಅವರ ಅಪ್ಪನಿಗೆ. ಕಣ್ಣು ಟಿ.ವಿ.ಯಲ್ಲಿ, ಕೈ ಗೆರಸೆಯಲ್ಲಿ. ಎಲೆ ಸುತ್ತಲಿಕ್ಕೆ ನಮಗೆ ಕಣ್ಣು ಬೇಕಾಗಿರಲಿಲ್ಲ.

ಬರುತ್ತಿದ್ದ ಕ್ಯಾಸೆಟ್ಟುಗಳು ಹೆಚ್ಚಾಗಿ ಇಂಗ್ಲಿಷಿನವು. ನಮಗೆ ಎಂತ ಅರ್ಥವಾಗಬೇಕು? ಹಾಗಾಗಿ ಅಣ್ಣ ಟಿ.ವಿ.ಯ ಪಕ್ಕದಲ್ಲಿ ನಿಂತು ಕತೆ ಹೇಳುತ್ತಿದ್ದರು. ಹೇಳುವುದೆಂದರೆ ಅಂತಿಂಥದ್ದಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು, ಮಾತಿನಲ್ಲೇ ಪಾತ್ರವಾಗಿ ಅರ್ಥ ಹೇಳುವವರ ಹಾಗೆ! ರಾಜನಿಗೆ ರಾಜನ ಗಂಟಲು, ರಾಕ್ಷಸನಿಗೆ ರಾಕ್ಷಸನ ಗಂಟಲು. ಬಿಳಿಯವನೊಬ್ಬ ಕತ್ತಿ ಎತ್ತಿದರೆ ಇವರು, “ಎಲವೋ ದುರುಳಾ, ನಿನ್ನ ಪೌರುಷವನ್ನು ಈ ಹಸುಳೆಗಳ ಮೇಲೆ ತೋರಿಸುವೆಯಾ?” ಎಂದು ಗರ್ಜಿಸುತ್ತಿದ್ದರು. ಮತ್ತೆ ನಮ್ಮ ಕಡೆ ತಿರುಗಿ ಮೆಲ್ಲನೆ, “ಅವ ಅಷ್ಟೆಲ್ಲ ಹೇಳಿದ್ದಲ್ಲ, ‘ನಿಲ್ಲು’ ಅಂತ ಮಾತ್ರ ಹೇಳಿದ್ದು. ನಾನು ಸ್ವಲ್ಪ ಸೇರಿಸಿದ್ದು” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಪಾಪ, ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಊರ ಸಂಘದವರು ಕರೆದಿರಲಿಲ್ಲ. ಕೂಟ ಎಲ್ಲಿದ್ದರೂ ಕುಂಟುತ್ತಾ ಹೋಗಿ, ಚೆಂಡೆಯವನ ಹಿಂದೆ ಕೂತು, ತುಟಿ ಅಲ್ಲಾಡಿಸುತ್ತಾ ಕೇಳಿ ಬರುತ್ತಿದ್ದರು.

ಯಾವುದೇ ಕ್ಯಾಸೆಟ್ ಬರಲಿ, ಮೊದಲು ಅವರೊಬ್ಬರೇ ಬಾಗಿಲು ಹಾಕಿಕೊಂಡು ನೋಡುವುದು ರೂಢಿ. “ಅರ್ಥ ಹೇಳುವವನಿಗೆ ಪ್ರಸಂಗ ಗೊತ್ತಿರಬೇಕಲ್ವಾ ಮಾರಾಯ್ತಿ” ಎನ್ನುತ್ತಿದ್ದರು.

ಹೀಗಿರುವಾಗ ಒಂದು ಬೇಸಿಗೆಯ ಮೊದಲಿಗೆ ಆ ಚಿತ್ರ ಬಂತು. ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಬೆಟ್ಟದ ಅಡಿಯಲ್ಲಿ ಒಬ್ಬ ರಾಜ. ಬೆಳಕು ಕಂಡರೆ ಆಗದವನು. ಎಲುಬಿನ ಕಿರೀಟ ತೊಟ್ಟು, ಹಳ್ಳಿಹಳ್ಳಿಯಿಂದ ಮಕ್ಕಳನ್ನು ಹಿಡಿದು ತಂದು ನೆಲ ಅಗೆಸುತ್ತಾನೆ. ಏತಕ್ಕೆ ಅಗೆಸುತ್ತಾನೆಂದು ಮಕ್ಕಳಿಗೆ ತಿಳಿಯದು. ಒಬ್ಬ ದೋಣಿಯವನು, ಎರಡು ಕತ್ತಿ ಹಿಡಿದು, ಅವರನ್ನು ಬಿಡಿಸಲು ಹೋಗುತ್ತಾನೆ. ಆ ಮಕ್ಕಳಲ್ಲಿ ಆರೇಳು ವರ್ಷದ ಒಂದು ಹುಡುಗಿ. ಕುತ್ತಿಗೆಯಲ್ಲಿ ಒಂದು ಸಣ್ಣ ಗಂಟೆ. ಕತ್ತಲೆಯಲ್ಲಿ ಅವಳು ಎಲ್ಲಿದ್ದಾಳೆಂದು ಆ ಗಂಟೆಯ ಸದ್ದಿನಿಂದಲೇ ಗೊತ್ತಾಗುವುದು. ದೋಣಿಯವನು ಉಳಿದ ಮಕ್ಕಳನ್ನೆಲ್ಲ ಹೊರಗೆ ದಾಟಿಸಿದ. ಕೊನೆಯವಳು ಇವಳು. ಓಡಿ ಬರುತ್ತಿದ್ದಳು, ಬಾಗಿಲ ಹತ್ತಿರ ಬಂದಿದ್ದಳು… ಮೇಲಿನಿಂದ ಕಲ್ಲಿನ ಬಾಗಿಲು ಬಿತ್ತು. ಅವನು ಹೊರಗೆ, ಅವಳು ಒಳಗೆ. ಕಲ್ಲಿನ ಆಚೆಯಿಂದ ಗಂಟೆಯ ಸದ್ದು ಒಮ್ಮೆ, ಎರಡು ಸಲ… ಮತ್ತೆ ಇಲ್ಲ. ಟಿ.ವಿ.ಯಲ್ಲಿ ಇಂಗ್ಲಿಷ್ ಅಕ್ಷರಗಳು ಮೇಲೆ ಹತ್ತತೊಡಗಿದವು.

“ಇದೆಂತ ಅಣ್ಣ, ಅರ್ಧಕ್ಕೆ ನಿಲ್ಲಿಸಿದ್ದು?” ಎಂದು ಹೆಂಗಸರೆಲ್ಲ ಎದ್ದು ನಿಂತರು.

“ನಾನು ನಿಲ್ಲಿಸಿದ್ದಲ್ಲ ಮಾರಾಯ್ತಿ, ಅವರೇ ನಿಲ್ಲಿಸಿದ್ದು. ಇದರದ್ದು ಎರಡನೇ ಭಾಗ ಉಂಟಂತೆ. ಗಲ್ಫಿನಲ್ಲಿ ಟಾಕೀಸಿಗೆ ಬಂದಿದೆ ಅಂತ ಬಾವ ಬರೆದಿದ್ದಾನೆ. ಕ್ಯಾಸೆಟ್ ಇನ್ನೂ ಬಿಡ್ಲಿಲ್ಲ. ಬಿಟ್ಟ ಕೂಡಲೇ ಕಳಿಸ್ತಾನೆ.”

“ಅಲ್ಲಿವರೆಗೆ ಆ ಕೂಸು ಕಲ್ಲಿನ ಒಳಗೇ ಇರುದಾ?”

“ಇರ್ಬೇಕು, ಎಂತ ಮಾಡುದು!”

ಎಲ್ಲರೂ ನಗುತ್ತಾ, ಬೈಯುತ್ತಾ ಹೊರಟರು. ನಾನು ಏಳಲಿಲ್ಲ. ಆಗ ನನಗೆ ಮೂರು ತಿಂಗಳು. ಅದಕ್ಕೂ ಮೊದಲು ಎರಡು ಹೋಗಿದ್ದವು. ಒಂದು ಎಂಟನೇ ತಿಂಗಳಲ್ಲಿ, ಉಸಿರಿಲ್ಲದೆ. ಇನ್ನೊಂದು ಎರಡು ದಿನ ಇದ್ದು, ಮೂರನೇ ದಿನ ಬೆಳಿಗ್ಗೆ ನೋಡುವಾಗ… ಸಾಕು. ಆ ಕಲ್ಲು ಬಿದ್ದಾಗ ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿತ್ತು. ಬಾಯಿ ತಾನಾಗಿಯೇ ಹೇಳಿತ್ತು: ದೈವವೇ, ಆ ಹುಡುಗಿ ಹೊರಗೆ ಬಂದರೆ ನನ್ನದೂ ಜೀವದಲ್ಲಿ ಹೊರಗೆ ಬರಲಿ. ಬಂದರೆ ತೊಟ್ಟಿಲಿಗೆ ಹಾಕುವ ಮೊದಲು ನಿನ್ನ ಗುಡಿಯ ನಡೆಯಲ್ಲಿ ಮಲಗಿಸುತ್ತೇನೆ.

ಮರುದಿನ ಬೀಡಿ ಎಲೆ ನೀರಿಗೆ ಹಾಕುವಾಗ ಅದನ್ನು ಅತ್ತೆಗೆ ಹೇಳಿದೆ. ಸುಮ್ಮನೆ ಹೇಳಿದ್ದು. ಅತ್ತೆ ಕೈಯಲ್ಲಿದ್ದ ಎಲೆಯ ಕಟ್ಟನ್ನು ಬಿಟ್ಟರು.

“ಹರಕೆಯನ್ನು ಯಾರಾದ್ರೂ ಟೀವಿ ನೋಡಿ ಹೇಳ್ತಾರಾ? ನಿನಗೆ ತಲೆ ಸರಿ ಉಂಟಾ?”

“ಬಾಯಿಗೆ ಬಂತು, ಹೇಳಿದೆ.”

“ಜೋರಾಗಿ ಹೇಳಿದ್ದಾ, ಮನಸ್ಸಲ್ಲಾ?”

“ಬಾಯಿಬಿಟ್ಟೇ ಹೇಳಿದೆ. ದೈವದ ಹೆಸರು ತೆಗೆದು.”

ಅತ್ತೆ ಮತ್ತೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಿದ್ದ ಎಲೆಗಳನ್ನು ಹೆಕ್ಕುತ್ತಾ, “ಹೇಳಿದ ಮೇಲೆ ಹೇಳಿದ್ದೇ. ಅದನ್ನು ನಾವು ತೆಗೀಲಿಕ್ಕೆ ಆಗುದಿಲ್ಲ” ಎಂದರು. ಅವತ್ತು ಸಂಜೆ ಕೊಡೆ ಹಿಡಿಯುವಷ್ಟು ಬಿಸಿಲಿರದಿದ್ದರೂ ಕೊಡೆ ಹಿಡಿದುಕೊಂಡು ಮೇಲಿನ ಮನೆಗೆ ಹೋದರು. ಅಣ್ಣನಿಗೆ ವಿಷಯ ಹೇಳಿದರು. ಅವರು ಮೊದಲು ನಕ್ಕರಂತೆ. ಅತ್ತೆ ನಗದೆ ನಿಂತದ್ದನ್ನು ನೋಡಿ ನಿಲ್ಲಿಸಿದರಂತೆ.

ಅಲ್ಲಿಂದ ಶುರುವಾಯಿತು ಕಾಯುವುದು. ಊರಿನ ಹೆಂಗಸರು ಕತೆಗಾಗಿ ಕಾದರು. ನಾನು ಕಾದದ್ದು ತೀರ್ಪಿಗೆ. ಯಾರಾದರೂ ಗಲ್ಫಿನಿಂದ ಬಂದರೆಂದು ಕೇಳಿದರೆ ನಾನು ಮೇಲಿನ ಮನೆಗೆ ಹತ್ತುತ್ತಿದ್ದೆ. “ಬಂತಾ ಅಣ್ಣ?” ಎಂದು ಕೇಳುವುದು. “ಇಲ್ಲ ತಂಗಿ, ಕ್ಯಾಸೆಟ್ ಬಿಡ್ಲಿಲ್ಲವಂತೆ ಇನ್ನೂ” ಎಂದು ಅವರು ಹೇಳುವುದು. ಬರಲಿಲ್ಲವೆಂದರೆ ಸಮಾಧಾನ, ಬರಬೇಕೆಂದು ಆಸೆ. ಎರಡೂ ಒಟ್ಟಿಗೆ. ಆರು ತಿಂಗಳು ಆಯಿತು, ಏಳು ಆಯಿತು. ಹೊಟ್ಟೆ ದೊಡ್ಡದಾದ ಹಾಗೆ ನನ್ನ ಕಿವಿ ಸೂಕ್ಷ್ಮವಾಯಿತು. ದನದ ಕುತ್ತಿಗೆಯ ಗಂಟೆ ಕೇಳಿದರೂ ಬೆಚ್ಚಿ ಬೀಳುತ್ತಿದ್ದೆ. ಸದ್ದು ನಿಂತರೆ ಇನ್ನೂ ಹೆದರಿಕೆ. ಅತ್ತೆ ನಮ್ಮ ದನದ ಕುತ್ತಿಗೆಯಿಂದ ಗಂಟೆ ಬಿಚ್ಚಿಟ್ಟರು.

ಹೆರಿಗೆ ಮಾಡಿಸುವ ಅಜ್ಜಿ ಬಂದು ಎಣ್ಣೆ ಕೈಯಲ್ಲಿ ಹೊಟ್ಟೆ ಮುಟ್ಟಿ ನೋಡಿದರು. ಅವರ ಬೆರಳು ಒಂದು ಕಡೆ ನಿಂತಿತು. “ಅಡ್ಡ ಮಲಗಿದೆ” ಎಂದರು. ಮತ್ತೆ ಅತ್ತೆಯನ್ನು ಹೊರಗೆ ಕರೆದರು. ಅವರು ಹೊರಗೆ ಎಂತ ಮಾತಾಡಿದರೋ ನನಗೆ ಕೇಳಿಸಲಿಲ್ಲ. ಒಳಗೆ ಬಂದ ಅತ್ತೆ, “ಪುತ್ತೂರಿಗೆ ಹೋಗುವ, ಡಾಕ್ಟ್ರಮ್ಮನ ಹತ್ತಿರ. ಮನೆಯಲ್ಲಿ ಬೇಡ” ಎಂದು ಮಾತ್ರ ಹೇಳಿದರು.

ಎಂಟನೇ ತಿಂಗಳು ಹಿಡಿದದ್ದು ಆಟಿಯಲ್ಲಿ. ನಮ್ಮಲ್ಲಿ ಜಡಿಮಳೆಯ ಆಟಿ ತಿಂಗಳಲ್ಲಿ ಹೊಸತು ಏನನ್ನೂ ಶುರು ಮಾಡುವುದಿಲ್ಲ. ಒಳ್ಳೆಯ ಕೆಲಸಕ್ಕೆ ಹೇಳಿದ ತಿಂಗಳಲ್ಲ ಅದು. ಕ್ಯಾಸೆಟ್ ಬಂದದ್ದು ಸರಿಯಾಗಿ ಆಗ. ಉಪ್ಪಿನಂಗಡಿ ಕಡೆಯ ಒಬ್ಬರು ತಮ್ಮ ಪೆಟ್ಟಿಗೆಯಲ್ಲಿ, ಟವೆಲಿನಲ್ಲಿ ಸುತ್ತಿ ತಂದಿದ್ದರು. ಅಣ್ಣನಿಗೂ ಮನಸ್ಸಿರಲಿಲ್ಲ. “ಆಟಿ ಮುಗೀಲಿ, ಆಮೇಲೆ ಹಾಕುವ” ಎಂದರು.

“ಸಿನೆಮಾಕ್ಕೆ ಎಂತ ಆಟಿ ಅಣ್ಣ?” ಎಂದು ಎದುರು ಮನೆಯ ಅಕ್ಕ ಕೇಳಿದರು. “ಕೂಸು ಐದು ತಿಂಗಳಿಂದ ಕಲ್ಲಿನ ಒಳಗುಂಟು. ಅದಕ್ಕೆ ಹಸಿವೆ ಆಗುದಿಲ್ವಾ?” ಎಲ್ಲರೂ ನಕ್ಕರು. ಭಾನುವಾರ ಎಂದು ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ನಾನು ನೀರಿಗೆಂದು ಅವರ ಬಾವಿಗೆ ಹೋಗಿದ್ದೆ. ಚಾವಡಿಯ ಬಾಗಿಲು ಹಾಕಿತ್ತು. ಒಳಗಿನಿಂದ ಹಾರೆಯ ಸದ್ದು, ಜನರ ಕೂಗು. ಅಣ್ಣ ಕ್ಯಾಸೆಟ್ ನೋಡುತ್ತಿದ್ದರು. ನಾನು ಕೊಡ ತುಂಬಿಸಿ ನಿಂತೇ ಇದ್ದೆ. ಸ್ವಲ್ಪ ಹೊತ್ತಿನಲ್ಲಿ ಸದ್ದು ತಟ್ಟನೆ ನಿಂತಿತು. ಪೂರ್ತಿ ಮುಗಿಯುವಷ್ಟು ಹೊತ್ತಾಗಿರಲಿಲ್ಲ. ಬಾಗಿಲು ತೆಗೆದು ಅಣ್ಣ ಹೊರಗೆ ಬಂದರು. ಬಾವಿಯ ಹತ್ತಿರ ಬಂದು ನೀರು ಸೇದಿ ಮುಖ ತೊಳೆದರು. ಮತ್ತೊಮ್ಮೆ ಸೇದಿ ಮತ್ತೊಮ್ಮೆ ತೊಳೆದರು. ನಾನಿರುವುದು ಅವರಿಗೆ ಕಂಡದ್ದು ಆಮೇಲೆ.

“ನೋಡಿದ್ರಾ ಅಣ್ಣ?”

“ಹಾಂ… ನೋಡ್ತಾ ಇದ್ದೇನೆ.”

“ಹುಡುಗಿ?”

ಅವರು ನನ್ನ ಮುಖ ನೋಡಲಿಲ್ಲ. ಕೊಡವನ್ನು ನೋಡಿದರು. “ಇಷ್ಟು ದೊಡ್ಡ ಕೊಡ ಎತ್ತುದಾ ನೀನು? ಇಡು ಅಲ್ಲಿ. ಅತ್ತಿಗೆ ತರ್ತಾಳೆ” ಎಂದು ಒಳಗೆ ಹೋದರು. ಅತ್ತಿಗೆ ಎಂದರೆ ಅವರ ಹೆಂಡತಿ. ಅವರು ಗಂಜಿಗೆ ಕರೆದದ್ದು, ಇವರು “ಬೇಡ” ಎಂದದ್ದು ನನಗೆ ಕೇಳಿಸಿತು. ಬಾಗಿಲು ಮತ್ತೆ ಹಾಕಿಕೊಂಡಿತು. ಅವತ್ತು ಬೆಳಿಗ್ಗೆಯಿಂದ ನನ್ನ ಹೊಟ್ಟೆಯೊಳಗೆ ಏನೂ ಅಲ್ಲಾಡಿರಲಿಲ್ಲ.

ಮಧ್ಯಾಹ್ನ ಗೆರಸೆ ಹಿಡಿದು ಹೋದರೆ ಅಣ್ಣ ಬಾಗಿಲಲ್ಲಿ ನಿಂತಿದ್ದರು. “ಮಿಷನ್ ಸರಿ ಇಲ್ಲ. ಕರೆಂಟೂ ಕಡಿಮೆ ಉಂಟು. ಇವತ್ತು ಬೇಡ, ಇನ್ನೊಂದು ದಿನ” ಎಂದರು. ಹೆಂಗಸರು ಬೊಬ್ಬೆ ಹಾಕಿದರು. ನನ್ನ ಅತ್ತೆ ಅವರನ್ನೆಲ್ಲ ಸರಿಸಿ ಮುಂದೆ ಬಂದರು.

“ಮಗಾ, ಒಳ್ಳೆದೋ ಕೆಟ್ಟದ್ದೋ, ಇವತ್ತೇ ಗೊತ್ತಾಗ್ಲಿ. ಇವಳು ಮೂರು ದಿನದಿಂದ ಸರಿ ಉಣ್ಣಲಿಲ್ಲ. ಇನ್ನು ಕಾದ್ರೆ ಕಾದೇ ಹೋಗ್ತಾಳೆ.”

ಅಣ್ಣ ಅತ್ತೆಯನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಹತ್ತಿ, ಸ್ಪಿರಿಟು ತೆಗೆದು ಮಿಷನ್ ಒರೆಸಲು ಕುಳಿತರು. ಅಷ್ಟು ಹೊತ್ತು ಅವರು ಒರೆಸಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಚಾವಡಿ ಪೂರ್ತಿ ಆ ವಾಸನೆ ತುಂಬಿತು.

ಚಿತ್ರ ಶುರುವಾಯಿತು. ಕರೆಂಟು ಕಡಿಮೆಯಿದ್ದು ಪರದೆ ಸಣ್ಣದಾಗುತ್ತಿತ್ತು, ದೊಡ್ಡದಾಗುತ್ತಿತ್ತು, ಉಸಿರಾಡಿದ ಹಾಗೆ. ದೋಣಿಯವನು ಇನ್ನೂ ಆ ಕಲ್ಲಿನ ಮುಂದೆಯೇ ಇದ್ದ. ಗಡ್ಡ ಬೆಳೆದಿತ್ತು. ಹಾರೆ ಹಿಡಿದು ಹತ್ತಾರು ಜನ ಕಲ್ಲನ್ನು ಮೀಟುತ್ತಿದ್ದರು. ಕಲ್ಲು ಒಂದಿಷ್ಟು ಸರಿಯಿತು. ಒಳಗೆ ಕತ್ತಲೆ. ಅವನು ತೆವಳಿ ಒಳಗೆ ಹೋದ. ಅಣ್ಣ ಟಿ.ವಿ.ಯ ಪಕ್ಕದಲ್ಲಿ ನಿಂತಿದ್ದರು, ಆದರೆ ಮಾತಿರಲಿಲ್ಲ.

“ಹೇಳಿ ಅಣ್ಣ” ಎಂದರು ಯಾರೋ.

ಅವನು ಹೊರಗೆ ಬಂದ. ಕೈಯಲ್ಲಿ ಹುಡುಗಿ. ಅವಳ ಕೈ ಕೆಳಗೆ ನೇತಾಡುತ್ತಿತ್ತು. ಗಂಟೆ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೆ. ಆಗ ಅಣ್ಣನ ಗಂಟಲು ಬಂತು. ಮೊದಲಿಗೆ ಒಡೆದ ಹಾಗೆ, ಆಮೇಲೆ ಗಟ್ಟಿಯಾಗಿ.

“ಸಿಕ್ಕಿದಳು! ಸಿಕ್ಕಿದಳು ನೋಡಿ! ಆಹಾ, ದೋಣಿಯವನು ಹೇಳ್ತಾನೆ: ಕೂಸೇ, ಬೆಟ್ಟದ ರಾಜನು ನಿನಗೆ ನಿದ್ದೆಯ ಮಂತ್ರವನ್ನು ಹಾಕಿದನೇ? ಆಗಲಿ, ಮಲಗು. ನೀನು ಏಳುವವರೆಗೆ ನಾನು ಕಾಯುವೆ.”

ಪರದೆಯಲ್ಲಿ ದೋಣಿಯವನು ಅಳುತ್ತಿದ್ದ. “ಸಂತೋಷಕ್ಕೆ ಅಳುದು ಅವ” ಎಂದರು ಅಣ್ಣ. ಹುಡುಗಿಗೆ ಬಿಳಿ ಬಟ್ಟೆ ಹೊದೆಸಿ ಒಂದು ದೋಣಿಯಲ್ಲಿ ಮಲಗಿಸಿದರು. “ಚಳಿ ಅಲ್ವಾ, ಅದಕ್ಕೆ ಹೊದೆಸಿದ್ದು. ಆಚೆ ದಡದಲ್ಲಿ ಅವಳ ಅಜ್ಜಿ ಮನೆ ಉಂಟು. ಅಲ್ಲಿಗೆ ಕಳಿಸ್ತಾರೆ.” ದೋಣಿಯನ್ನು ನೀರಿಗೆ ತಳ್ಳಿದರು. ಅದು ದೂರ ಹೋಯಿತು. ಯಾರೋ ಬಾಣ ಬಿಟ್ಟರು. ದೋಣಿ ಧಗ್ಗನೆ ಹತ್ತಿಕೊಂಡಿತು.

ಎಲೆ ಸುತ್ತುತ್ತಿದ್ದ ಕೈಗಳೆಲ್ಲ ನಿಂತವು.

“ಅಲ್ಲ ಅಣ್ಣ…” ಎಂದರು ಎದುರು ಮನೆಯ ಅಕ್ಕ, “ಅದು ಸುಡುದಲ್ವಾ?”

“ಬೆಂಕಿ ಅಲ್ಲ ಅದು! ಆರತಿ! ಮಂತ್ರ ಬಿಡಿಸ್ಲಿಕ್ಕೆ ಸಾವಿರ ದೀಪದ ಆರತಿ ಎತ್ತುದು ಅವರಲ್ಲಿ.”

“ಇಷ್ಟು ದೊಡ್ಡ ಆರತಿಯಾ?”

ನನ್ನ ಅತ್ತೆ ಕತ್ತು ತಿರುಗಿಸಿದರು. “ಅಣ್ಣನಿಗಿಂತ ನಿನಗೆ ಇಂಗ್ಲಿಷ್ ಹೆಚ್ಚು ಗೊತ್ತುಂಟಾ? ಬಾಯಿ ಮುಚ್ಚಿ ಬೀಡಿ ಕಟ್ಟು.”

ಆಮೇಲೆ ಯಾರೂ ಕೇಳಲಿಲ್ಲ. ಕತೆ ಮುಂದೆ ಹೋಯಿತು. ಯುದ್ಧ, ಕುದುರೆ, ಬೆಟ್ಟ ಒಡೆಯುವುದು… ಅಣ್ಣ ಒಂದು ಕ್ಷಣ ಬಿಡುವು ಕೊಡದೆ ಹೇಳಿದರು. ನಡುವೆ ಆ ಹುಡುಗಿ ಅಜ್ಜಿ ಮನೆಯಲ್ಲಿ ಕಣ್ಣು ಬಿಟ್ಟದ್ದು, ಗಂಜಿ ಉಂಡದ್ದು, ಕೋಳಿಮರಿಯ ಹಿಂದೆ ಓಡಿದ್ದು, ಎಲ್ಲವನ್ನೂ ಹೇಳಿದರು. ಪರದೆಯಲ್ಲಿ ಅದು ಯಾವುದೂ ಕಾಣುತ್ತಿರಲಿಲ್ಲ. “ಅದನ್ನು ತೋರಿಸುದಿಲ್ಲ, ಮಾತಲ್ಲಿ ಹೇಳ್ತಾರೆ” ಎಂದರು. ಕೊನೆಗೆ ಒಬ್ಬಳು ಹುಡುಗಿ, ಸ್ವಲ್ಪ ದೊಡ್ಡವಳು, ನದಿಯ ದಡದಲ್ಲಿ ಬಗ್ಗಿ ಮರಳಿನಿಂದ ಏನನ್ನೋ ಹೆಕ್ಕಿ ಕುತ್ತಿಗೆಗೆ ಕಟ್ಟಿಕೊಂಡಳು. ಅದೇ ಗಂಟೆ. ಅಲ್ಲಾಡಿಸಿದಳು. ಸದ್ದು ಬಂತು.

“ಅವಳೇ! ಬೆಳೆದಿದ್ದಾಳೆ ನೋಡಿ!” ಎಂದು ಅಣ್ಣ ಕೂಗಿದರು.

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೇ… ಸುಳ್ಳಲ್ಲ, ಆ ಹೊತ್ತಿಗೇ ನನ್ನ ಹೊಟ್ಟೆಯೊಳಗೆ ಒಂದು ಒದೆತ. ಬೆಳಿಗ್ಗೆಯಿಂದ ಸುಮ್ಮನಿದ್ದದ್ದು! ನಾನು ಗೆರಸೆಯ ಮೇಲೆಯೇ ಬಗ್ಗಿ ಅತ್ತುಬಿಟ್ಟೆ. ಅವತ್ತು ನಾವು ಕಟ್ಟಿದ ಬೀಡಿಯನ್ನೆಲ್ಲ, ಬೀಡಿ ಲೆಕ್ಕ ತೆಗೆದುಕೊಳ್ಳುವ ಬ್ರಾಂಚಿನವರು ಬಿಸಾಡಿದರು. ಹಿಡಿ ಬಿಗಿದು ಬಿಗಿದು, ಎಳೆದರೆ ಹೊಗೆ ಬಾರದಷ್ಟು ಗಟ್ಟಿಯಾಗಿದ್ದವಂತೆ.

ಅಣ್ಣ ಮಾತ್ರ ಚಪ್ಪಾಳೆಗೆ ನಗಲಿಲ್ಲ. ಅಂಗಿ ಪೂರ್ತಿ ಬೆವರಿಗೆ ಒದ್ದೆಯಾಗಿತ್ತು. “ಮುಗೀತು” ಎಂದು ಸ್ವಿಚ್ ಆರಿಸಿ, ಕೊಡೆಯೂ ಹಿಡಿಯದೆ, ಮಳೆಯಲ್ಲಿ ಗುಡ್ಡದ ಆಚೆಗೆ ಇಳಿದು ಹೋದರು. ಅಲ್ಲಿರುವುದು ನಮ್ಮ ದೈವದ ಗುಡಿ. ಆಟಿಯಲ್ಲಿ ಅಲ್ಲಿಗೆ ಯಾರೂ ಹೋಗುವುದಿಲ್ಲ. ನಾನು ನೋಡಿದೆ, ಆದರೆ ನೋಡಿ ಮರೆತೆ. ಸಂತೋಷದವರಿಗೆ ಬೇರೆಯವರ ಮುಖ ಕಾಣುವುದಿಲ್ಲವಲ್ಲ…

ಆಟಿ ಕಳೆದು ಸೋಣ ತಿಂಗಳಲ್ಲಿ ಪುತ್ತೂರಿನಲ್ಲಿ ಹೆರಿಗೆಯಾಯಿತು. ಹುಟ್ಟಿದ ಕೂಡಲೇ ಅಳಲಿಲ್ಲ. ಡಾಕ್ಟ್ರಮ್ಮ ಬೆನ್ನಿಗೆ ತಟ್ಟಿದರು, ಮತ್ತೆ ತಟ್ಟಿದರು. ನನಗೆ ಆಗ ಕಂಡದ್ದು ಆ ನೇತಾಡುವ ಕೈ. ಆಮೇಲೆ ಅತ್ತಳು. ಏನು ಅಳು ಅದು! ಪುತ್ತೂರು ಪೇಟೆಗೇ ಕೇಳಿರಬೇಕು. ಹರಕೆಯಂತೆ ಮೊದಲು ದೈವದ ನಡೆಯಲ್ಲಿ ಮಲಗಿಸಿದೆವು. ಅಲ್ಲಿಂದ ನೇರ ವಿಡಿಯೋದಣ್ಣನ ಮನೆಗೆ ಕರೆದುಕೊಂಡು ಹೋದೆ. ಅವರು ಮಗುವನ್ನು ಎತ್ತಿಕೊಂಡು ಅತ್ತರು.

“ಅಣ್ಣ, ಇವಳಿಗೆ ಆ ಎರಡನೇ ಭಾಗದ ಕತೆ ಹೇಳಿ” ಎಂದೆ.

ಅವರು ತಲೆ ಅಲ್ಲಾಡಿಸಿದರು. “ಇನ್ನು ಕತೆ ಹೇಳುದಿಲ್ಲ ತಂಗಿ.”

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಆಮೇಲಿನ ಭಾನುವಾರಗಳಲ್ಲಿ ಅವರು ಕ್ಯಾಸೆಟ್ ಹಾಕಿ ಹೊರಗೆ ಹೋಗಿ ಜಗಲಿಯಲ್ಲಿ ಕೂರುತ್ತಿದ್ದರು. ಒಳಗೆ ನಾವು ಅರ್ಥವಾಗದ ಇಂಗ್ಲಿಷನ್ನು ಕೇಳುತ್ತಾ ಮುಖ ಮುಖ ನೋಡುವುದು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕೆಲವರು ಗಂಟಲಿಗೆ ರೋಗ ಎಂದರು, ಕೆಲವರು ಅಹಂಕಾರ ಎಂದರು. ಆ ವರ್ಷವೇ ಊರ ಸಂಘದವರು, ಅವರ ಮಾತುಗಾರಿಕೆಯ ಸುದ್ದಿ ಕೇಳಿ, ತಾಳಮದ್ದಳೆಗೆ ಅರ್ಥ ಹೇಳಲು ಕರೆಯಲು ಮನೆಗೇ ಬಂದರು. ವೀಳ್ಯದೆಲೆ ಹಿಡಿದು ಬಂದಿದ್ದರು. ಜನ್ಮವಿಡೀ ಕಾದದ್ದು ಕಾಲ ಬುಡಕ್ಕೆ ಬಂದಿತ್ತು. ಅವರು ಕೈಮುಗಿದು, “ಆಗುದಿಲ್ಲ” ಎಂದರು. ಬಂದವರು ಮುಖ ಕೆಂಪು ಮಾಡಿಕೊಂಡು ಇಳಿದು ಹೋದದ್ದನ್ನು ನಾನು ನಮ್ಮ ಅಂಗಳದಿಂದ ನೋಡಿದೆ.

ಮೆಲ್ಲಮೆಲ್ಲನೆ ಹೆಂಗಸರು ಬರುವುದು ನಿಂತಿತು. ಪೇಟೆಯಲ್ಲಿ ಇನ್ನೊಬ್ಬರು ಕನ್ನಡದ ಕ್ಯಾಸೆಟ್ ಹಾಕತೊಡಗಿದ್ದರು. ನಾನೂ ಅಲ್ಲಿಗೇ ಹೋದೆ. ಇಷ್ಟಾದರೂ ಸಾಲದೆಂದು, ಒಂದು ದಿನ ಬಾವಿಕಟ್ಟೆಯಲ್ಲಿ ಅವರ ಮುಖಕ್ಕೇ ಹೇಳಿದೆ: “ಈಗ ನಮ್ಮ ಹತ್ತಿರ ಮಾತಾಡಿದ್ರೆ ನಿಮ್ಮ ಬಾಯಿ ಸವೆದು ಹೋಗ್ತದಾ ಅಣ್ಣ?” ಅವರು ನಕ್ಕರು. ನನ್ನ ಸೊಂಟದಲ್ಲಿದ್ದ ಮಗಳ ಕೆನ್ನೆ ಮುಟ್ಟಿ, “ದೊಡ್ಡವಳಾದಳು” ಎಂದು ಹೋದರು. ಆ ಮಾತನ್ನು ಹೇಳಿದ ನನ್ನ ಈ ಬಾಯಿ…

ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿದು ಜನರೆಲ್ಲ ಹೋದ ಮೇಲೆ ಅತ್ತಿಗೆ ನನ್ನನ್ನು ಒಳಗೆ ಕೂರಿಸಿದರು.

“ನಿನಗೆ ಹೇಳ್ಬಾರ್ದು ಅಂತ ಇತ್ತು. ಅವರಿಲ್ಲ, ಇನ್ನು ಹೇಳಿದ್ರೆ ತಪ್ಪಿಲ್ಲ. ಆ ಕ್ಯಾಸೆಟಲ್ಲಿ ಹುಡುಗಿ ಸತ್ತೇ ಹೋಗಿದ್ದು. ಶುರುವಿನಲ್ಲೇ. ಹೆಣವನ್ನೇ ಹೊರಗೆ ತಂದದ್ದು, ದೋಣಿಯಲ್ಲಿಟ್ಟು ಸುಟ್ಟದ್ದು. ಕೊನೆಗೆ ಬಂದವಳು ಬೇರೆ ಯಾರೋ.”

ಅತ್ತಿಗೆ ಬಾಗಿಲ ಕಡೆ ಒಮ್ಮೆ ನೋಡಿ ಮುಂದೆ ಹೇಳಿದರು.

“ಅವತ್ತು ಬೆಳಿಗ್ಗೆ ಒಳಗೆ ಬಂದು ನನ್ನ ಹತ್ತಿರ ಕೇಳಿದ್ರು, ‘ಆ ಹೆಂಗಸಿಗೆ ನಾನು ಎಂತ ಹೇಳುದು?’ ಅಂತ. ನಾನೆಂತ ಹೇಳ್ಲಿ? ಅವರೇ ನಿಶ್ಚಯ ಮಾಡಿದ್ದು. ಆದ್ರೆ ದೈವದ ಹೆಸರಲ್ಲಿ ಹೇಳಿದ ಹರಕೆ ಅಲ್ವಾ, ಅದರ ಮೇಲೆ ಸುಳ್ಳು ಹೇಳಿ ಅವರಿಗೆ ಕೂರ್ಲಿಕ್ಕೆ ಆಗ್ಲಿಲ್ಲ. ಹೋಗಿ ಗುಡಿಯ ಎದುರು ನಿಂತು ಹೇಳಿದ್ರಂತೆ: ಅವಳ ಹರಕೆಯನ್ನು ಬಿಟ್ಟುಬಿಡು, ಅದರ ಜಾಗಕ್ಕೆ ನನ್ನದನ್ನು ತೆಗೆದುಕೊ. ಆ ಮಗು ಜೀವದಲ್ಲಿ ಅತ್ತರೆ ನಾನು ಈ ಬಾಯಲ್ಲಿ ಇನ್ನು ಕತೆ ಹೇಳುದಿಲ್ಲ, ಅರ್ಥ ಹೇಳುದಿಲ್ಲ ಅಂತ.”

ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು. “ಸಂಘದವರು ಬಂದು ಹೋದ ದಿನ ಮಾತ್ರ ಉಣ್ಣಲಿಲ್ಲ. ಮತ್ತೆ ಒಂದು ದಿನವೂ ಬೇಜಾರು ಹೇಳ್ಲಿಲ್ಲ. ನಿನ್ನ ಮಗಳು ಶಾಲೆಗೆ ಹೋಗುದನ್ನು ಜಗಲಿಯಲ್ಲಿ ಕೂತು ನೋಡ್ತಿದ್ರು. ಅಷ್ಟೇ.”

ನಾನು ಮನೆಗೆ ಬಂದೆ. ಬಂದವಳು ಯಾರಿಗೂ ಹೇಳಲಿಲ್ಲ. ಹೇಳಲು ಹೆದರಿಕೆ. ಮಗಳಿಗೆ ಮಕ್ಕಳಾಗದೆ ಆಗಲೇ ಹಲವು ವರ್ಷ ಕಳೆದಿತ್ತು. ಸತ್ತ ಹುಡುಗಿಯ ಮೇಲೆ ಹೇಳಿದ ಹರಕೆ ನನ್ನದು. ಅದು ಎಲ್ಲಿಯೋ ಕಾದು ಕೂತಿದೆಯೇ, ನನ್ನ ಮಗಳ ಹೊಟ್ಟೆಯಲ್ಲಿ ಬಂದು ಕೇಳುತ್ತಿದೆಯೇ ಎಂದು ದಿನವೂ ಅಂಜಿದೆ. ಅತ್ತೆ ಇದ್ದಿದ್ದರೆ ಕೇಳಬಹುದಿತ್ತು. ಅವರು ಮೊದಲೇ ಹೋಗಿದ್ದರು. ಅವತ್ತು ಚಾವಡಿಯಲ್ಲಿ ಅವರಿಗೆ ಎಲ್ಲ ಗೊತ್ತಾಗಿತ್ತೋ ಏನೋ… ಮಗಳು ಮೂರು ತಿಂಗಳು ಎಂದು ಫೋನಿನಲ್ಲಿ ಹೇಳಿದ ದಿನದಿಂದ ಹೆರಿಗೆಯ ದಿನದವರೆಗೆ ನಾನು ದೈವದ ಹತ್ತಿರ ಒಂದು ಹರಕೆಯನ್ನೂ ಹೇಳಲಿಲ್ಲ. ಬಾಯಿ ಬಿಗಿದು ಹಿಡಿದಿದ್ದೆ. ಮಗು ಹುಟ್ಟಿತು, ಅತ್ತಿತು. ಆಗ ಬಾಯಿ ಬಿಟ್ಟೆ. ಅದರ ಮೇಲೆ ನನ್ನ ಬಾಯಿ ನಿಂತೇ ಇಲ್ಲ!

ಆಸ್ಪತ್ರೆಯಿಂದ ಬಂದ ಸಂಜೆ ಅಳಿಯನ ಹತ್ತಿರ, ಬೆಟ್ಟದ ರಾಜ, ದೋಣಿಯವನು, ಗಂಟೆ ಕಟ್ಟಿದ ಹುಡುಗಿ ಎಂದು ಏನೋ ಹೇಳಿದೆ. ಅವನು ಈಗಿನವನು. ಫೋನಿನಲ್ಲಿ ಹುಡುಕಿಯೇ ಬಿಟ್ಟ.

“ಅತ್ತೆ, ಇದೇನಾ ನೋಡಿ. ಎರಡನೇ ಭಾಗವೂ ಉಂಟು.”

ಕಲ್ಲಿನ ಬಾಗಿಲು ಕಂಡಿತು. ಅಂಗೈಯಷ್ಟು ಸಣ್ಣದಾಗಿ. ನಾನು ಪರದೆಯ ಮೇಲೆ ಕೈ ಇಟ್ಟೆ. “ಬೇಡ ಮಗಾ, ಹಾಕ್ಬೇಡ.” ಆ ಫೋನಿನಲ್ಲಿರುವ ಹುಡುಗಿ ಸಾಯುತ್ತಾಳೆ. ಎಷ್ಟು ಸಲ ಹಾಕಿದರೂ ಸಾಯುತ್ತಾಳೆ. ಬದುಕಿದವಳು ಇದ್ದದ್ದು ಅಣ್ಣನ ಬಾಯಲ್ಲಿ ಮಾತ್ರ.

ಮೊಮ್ಮಗಳು ಸೂಜಿಯ ನೋವಿಗೆ ನರಳುತ್ತಿದ್ದಳು. ಎತ್ತಿ ಮಡಿಲಲ್ಲಿ ಹಾಕಿಕೊಂಡೆ. ಕತೆ ಹೇಳುತ್ತೇನೆ ಕೇಳು ಎಂದೆ. ದೋಣಿಯವನು ಕಲ್ಲು ಸರಿಸಿದ, ಹುಡುಗಿ ಹೊರಗೆ ಬಂದಳು, ಸಾವಿರ ದೀಪದ ಆರತಿ ಎತ್ತಿದರು, ಅಜ್ಜಿ ಮನೆಗೆ ಹೋದಳು, ಗಂಜಿ ಉಂಡಳು… ಅಲ್ಲಿಗೆ ನಿಂತೆ. ಕೋಳಿಮರಿಯ ಹಿಂದೆ ಓಡಿದ ಮೇಲೆ ಅವಳು ಎಲ್ಲಿಗೆ ಹೋದಳು? ಅಣ್ಣ ಅದನ್ನೂ ಹೇಳಿದ್ದರು. ಒಂದು ಗಂಟೆ ಹೊತ್ತು, ಉಸಿರು ಬಿಡದೆ, ನನಗಾಗಿ ಹೇಳಿದ್ದರು. ನಾನು ಆಗ ಹೊಟ್ಟೆ ಹಿಡಿದುಕೊಂಡು ಒಂದು ಒದೆತಕ್ಕೆ ಕಾಯುವುದರಲ್ಲಿಯೇ ಇದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಕೇಳುವ ಎಂದರೆ, ಮೇಲಿನ ಮನೆಯ ಜಗಲಿಯಲ್ಲಿ ಈಗ ಅವರಿಲ್ಲ.